ಜಿಮ್ ಸ್ಟೈನ್ಸ್ ಒಂದೂ ಕಪ್ ಗೆದ್ದಿಲ್ಲ, ಆದ್ರೂ ಮೆಲ್ಬರ್ನ್‌ನಲ್ಲಿ ಯಾಕಿಷ್ಟು ಹೆಸರು?

ಡಾಕ್‌ಲ್ಯಾಂಡ್ಸ್_ಸೈಕಲ್

ಎಲ್ರಿಗೂ ನಮಸ್ಕಾರ. ಮೆಲ್ಬರ್ನ್‌ಗೆ ಹೊಸಬ. ಆಫೀಸು ಡಾಕ್‌ಲ್ಯಾಂಡ್ಸ್‌ನಲ್ಲಿ, ಯಾರಾ ನದಿ ಪಕ್ಕ ಸೈಕಲಲ್ಲಿ ಹೋಗ್ವಾಗ ಜಿಮ್ ಸ್ಟೈನ್ಸ್ ಬ್ರಿಡ್ಜ್ ಅಂತ ಒಂದು ಸಿಗತ್ತೆ. ಎಂಸಿಜಿ ಹೊರಗೆ ಶೇನ್ ವಾರ್ನ್ ಪ್ರತಿಮೆ ಇದೆ ಅಂತ ನೋಡೋಕೆ ಹೋದ್ರೆ ಅಲ್ಲೂ ಇದೇ ಮನುಷ್ಯ ನಿಂತಿದಾನೆ. ಆಫೀಸಲ್ಲಿ ಕೇಳಿದ್ರೆ ಫುಟಿ (ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್) ಪ್ಲೇಯರ್, ಐರ್ಲೆಂಡಿನವನು, 18ನೇ ವಯಸ್ಸಿಗೆ ಇಲ್ಲಿಗೆ ಬಂದು ಆಟ ಕಲ್ತ, ಆದ್ರೆ ಪ್ರೀಮಿಯರ್‌ಶಿಪ್ ಮಾತ್ರ ಒಂದೂ ಗೆಲ್ಲಲಿಲ್ಲ ಅಂತಾರೆ. ಹಂಗಾದ್ರೆ ಬ್ರಿಡ್ಜೂ ಪ್ರತಿಮೆನೂ ಯಾತಕ್ಕೆ? ಏನೂ ಗೊತ್ತಿಲ್ದೆ ಬಂದು ಟಾಪ್ ಆದ ಅನ್ನೋದು ನಿಜಾನಾ ಇಲ್ಲಾ ಬಿಲ್ಡಪ್ಪಾ? ಇದ್ರಲ್ಲಿ ನನ್ ಸ್ವಾರ್ಥನೂ ಇದೆ, ಮಗನಿಗೆ 13, ಸ್ಕೂಲಲ್ಲಿ ಎಲ್ರೂ ಫುಟಿ ಆಡ್ತಾರೆ ನಾನೂ ಸೇರ್ತೀನಿ ಅಂತ ಹಠ ಹಿಡ್ದಿದಾನೆ. ಲೇಟ್ ಆಯ್ತೇನೋ ಅನ್ಸತ್ತೆ. ಗೊತ್ತಿರೋರು ಹೇಳಿ.

ಡೀಮನ್ಸ್_ಪುಟ್ಟಸ್ವಾಮಿ

ಗುರು, ಒಳ್ಳೇ ಪ್ರಶ್ನೆ ಕೇಳ್ದೆ, ನಾನು ಮೆಲ್ಬರ್ನ್ ಕ್ಲಬ್ ಫ್ಯಾನು ಸೋ ಪಕ್ಷಪಾತ ಇರತ್ತೆ, ಮೊದ್ಲೇ ಹೇಳಿಬಿಡ್ತೀನಿ.

1966ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ್ದು. ಅಲ್ಲಿ ಐರ್ಲೆಂಡಿನದೇ ಆಟ ಗೇಲಿಕ್ ಫುಟ್‌ಬಾಲ್ ಆಡ್ತಿದ್ದ, 1984ರಲ್ಲಿ ಡಬ್ಲಿನ್ ಮೈನರ್ (ಹುಡುಗರ) ಟೀಮ್ ಜೊತೆ ಆಲ್ ಐರ್ಲೆಂಡ್, ಅಂದ್ರೆ ಆ ಆಟದ ರಾಷ್ಟ್ರೀಯ ಕಪ್, ಗೆದ್ದ. ಆಗ ಮೆಲ್ಬರ್ನ್ ಕ್ಲಬ್ ಕೋಚ್ ರಾನ್ ಬರಾಸಿ, ಆ ಯಪ್ಪನ ತಲೇಲಿ ಒಂದು ಐಡಿಯಾ, ಐರಿಷ್ ಹುಡುಗರು ಎತ್ತರದ ಬಾಲನ್ನ ಚೆನ್ನಾಗಿ ಹಿಡೀತಾರೆ, ಕೈಯಿಂದ ಬಿಟ್ಟು ಒದೀತಾರೆ, ಓಡ್ತಾನೇ ಇರ್ತಾರೆ, ಕರ್ಕೊಂಡ್ ಬಂದು ನಮ್ಮಾಟ ಕಲಿಸಿದ್ರೆ ಏನಾಗತ್ತೆ ಅಂತ. ಐರ್ಲೆಂಡ್ ಪೇಪರಲ್ಲಿ ಜಾಹೀರಾತು ಹಾಕಿದ್ರು, ಬಂದ್ರೆ ಓದೋಕೆ ಸ್ಕಾಲರ್‌ಶಿಪ್ ಕೊಡ್ತೀವಿ ಅಂತ. ಗೇಲಿಕ್ ಆಟ ಇವತ್ತಿಗೂ ಅಮೆಚೂರ್, ಆಡಿದ್ರೆ ಸಂಬಳ ಇಲ್ಲ, ಸೋ 18ರ ಹುಡುಗನಿಗೆ ಇದು ದೊಡ್ಡ ಆಫರ್ರೇ.

ಬಂದ ತಕ್ಷಣ ಹೀರೋ ಏನೂ ಆಗ್ಲಿಲ್ಲ. ಮೊದ್ಲು ಅಂಡರ್ 19, ಆಮೇಲೆ 1986ರಲ್ಲಿ ಪ್ರಾರಾನ್ ಅಂತ ಕೆಳಗಿನ ಲೀಗಿನ ಟೀಮಿಗೆ ಕಳಿಸಿದ್ರು. 1987ರಲ್ಲಿ ಸೀನಿಯರ್ ಟೀಮಿಗೆ ಬಂದ. ಆ ವರ್ಷನೇ ಒಂದು ದೊಡ್ಡ ಕಥೆ ಆಗಿದ್ದು.

ಮೆಲ್ಬರ್ನ್ 1964ರ ಮೇಲೆ ಫೈನಲ್ಸ್ (ಲೀಗ್ ಮ್ಯಾಚ್ ಮುಗಿದ್ಮೇಲೆ ಕಪ್‌ಗಾಗಿ ನಡೆಯೋ ಸುತ್ತು) ಮುಖಾನೇ ನೋಡಿರ್ಲಿಲ್ಲ. 1987ರಲ್ಲಿ ಪ್ರಿಲಿಮಿನರಿ ಫೈನಲ್ ತಂಕ ಬಂದ್ರು, ಅಂದ್ರೆ ಗ್ರ್ಯಾಂಡ್ ಫೈನಲ್‌ಗೆ ಒಂದೇ ಮ್ಯಾಚು ಬಾಕಿ, ಎದುರಿಗೆ ಹಾಥಾರ್ನ್. ಕೊನೇಲಿ ನಾವು 4 ಪಾಯಿಂಟ್ ಮುಂದೆ, ಸೈರನ್ ಹೊಡೀತು. ಆದ್ರೆ ಹಾಥಾರ್ನ್‌ನ ಗ್ಯಾರಿ ಬಕನಾರಾಗೆ ಒಂದು ಕಿಕ್ ಬಾಕಿ ಇತ್ತು, ದೂರ ಜಾಸ್ತಿ, ಹೊಡೆದ್ರೂ ಗೋಲ್ ಕಷ್ಟ. ಕಿಕ್ ತಗೊಳೋನ ಮುಂದೆ ಮಾರ್ಕ್ (ಎದುರಾಳಿ ನಿಲ್ಬೇಕಾದ ಜಾಗ) ದಾಟಿ ಯಾರೂ ಓಡಬಾರ್ದು, ರೂಲ್ಸು. ಸ್ಟೈನ್ಸ್ ತಾನು ಕಾಯ್ತಿದ್ದ ಹಾಥಾರ್ನ್ ಪ್ಲೇಯರ್‌ನ ಬೆನ್ನು ಹತ್ತಿ ಸೀದಾ ಮಧ್ಯದಲ್ಲೇ ಓಡ್ಬಿಟ್ಟ. ಅಂಪೈರ್ 15 ಮೀಟರ್ ಮುಂದಕ್ಕೆ ಕೊಟ್ರು, ಬಕನಾರಾ ಗೋಲ್ ಹೊಡೆದ, ಗೋಲ್ ಅಂದ್ರೆ 6 ಪಾಯಿಂಟು, 2 ಪಾಯಿಂಟಲ್ಲಿ ಸೋತ್ವಿ. ಯೂಟ್ಯೂಬಲ್ಲಿ ಇದೆ, ನೋಡಿ, ಆ ಹುಡುಗನಿಗೆ ತಾನೇನ್ ಮಾಡ್ದೆ ಅಂತ ಗೊತ್ತಾಗೋಕೇ ಟೈಮ್ ಹಿಡಿಯತ್ತೆ. ನನ್ ಲೆಕ್ಕದಲ್ಲಿ ಇದು ಗೇಲಿಕ್ ಅಭ್ಯಾಸ, ಅಲ್ಲಿ ಆಗ ಮಾರ್ಕ್ ಅನ್ನೋದೇ ಇರ್ಲಿಲ್ಲ, ನಿನ್ ಪ್ಲೇಯರ್ ಎಲ್ಲೋ ನೀನೂ ಅಲ್ಲೇ ಇರ್ಬೇಕು ಅಷ್ಟೇ.

ಮುಂದಿನ ವರ್ಷ 1988ರಲ್ಲಿ ಗ್ರ್ಯಾಂಡ್ ಫೈನಲ್‌ಗೇ ಹೋದ್ವಿ, ಮತ್ತದೇ ಹಾಥಾರ್ನ್, 96 ಪಾಯಿಂಟಲ್ಲಿ ಹಿಗ್ಗಾಮುಗ್ಗಾ ಹೊಡೆದ್ರು, ಅದನ್ನ ಬಿಡಿ ಮಾತಾಡೋದು ಬೇಡ.

ಬೇರೆ ಯಾರಾದ್ರೂ ಆಗಿದ್ರೆ ಟಿಕೆಟ್ ತಗೊಂಡು ಊರಿಗೆ ಹೋಗ್ತಿದ್ರು. ಇವ್ನು 1991ರಲ್ಲಿ ಬ್ರೌನ್‌ಲೋ ಮೆಡಲ್ ಹೊಡೆದ. ಪ್ರತಿ ಮ್ಯಾಚಿಗೆ ಅಂಪೈರ್‌ಗಳು 3, 2, 1 ಅಂತ ವೋಟ್ ಹಾಕ್ತಾರೆ, ಸೀಸನ್ ಪೂರ್ತಿ ಜಾಸ್ತಿ ವೋಟ್ ಬಂದೋರಿಗೆ ಮೆಡಲು. ಒಟ್ಟು 264 ಮ್ಯಾಚ್, ಅದ್ರಲ್ಲಿ 244 ಸತತ, ಒಂದೂ ತಪ್ಪಿಸಿಲ್ಲ! ಆ ದಾಖಲೆ 2025ರ ತಂಕ ಯಾರೂ ಮುರಿದಿರ್ಲಿಲ್ಲ, ಆ ವರ್ಷ ಕಾಲಿಂಗ್‌ವುಡ್ ಕ್ಲಬ್‌ನ ಜಾಕ್ ಕ್ರಿಸ್ಪ್ ಮುರಿದ. ಕ್ಲಬ್ಬಿನ ಬೆಸ್ಟ್ ಪ್ಲೇಯರ್ ಪ್ರಶಸ್ತಿ ನಾಲ್ಕು ಸಲ.

ಧಾರವಾಡ_ಬುಲ್‌ಡಾಗ್

ಪುಟ್ಟಸ್ವಾಮಿ ಅವ್ರು ಛಲೋ ಬರದಾರ, ಆದ್ರ ಒಂದೆರಡು ಮಾತು ನಂದೂ ಇರ್ಲಿ.

"ಏನೂ ಗೊತ್ತಿಲ್ದ ಬಂದಾಂವ" ಅನ್ನೋದು ಅರ್ಧ ಸುಳ್ಳ ನೋಡ್ರಿ. ಮೇಲಿನ ಬಾಲ್ ಹಿಡಿಯೂದು, ಕೈಯಾಗಿಂದ ಬಿಟ್ಟು ಒದಿಯೂದು, ಇಡೀ ಮೈದಾನ ಓಡೂದು, ಇವೆಲ್ಲಾ ಡಬ್ಲಿನ್‌ದಾಗ ಕಲ್ತಿದ್ದಾ. ಅಲ್ಲಿ ಬಾಲ್ ದುಂಡಗ, ಇಲ್ಲಿ ಮೊಟ್ಟಿ ಆಕಾರ, ಅದನ್ನ ನೆಟ್ಟಗ ಒದಿಯಾಕ ಮಾತ್ರ ಭಾಳ ವರ್ಷ ಒದ್ದಾಡಿದ. ಆಂವ ರಕ್‌ಮನ್. ಆವಾಗೆಲ್ಲಾ ಅಂಪೈರ್ ಬಾಲನ್ನ ನೆಲಕ್ಕ ಬಡಿದು ಮ್ಯಾಲ ಎಗರಿಸ್ತಿದ್ರು, ಆಗ ಹಾರಿ ತನ್ನ ಟೀಮಿನವರ ಕಡೆ ತಟ್ಟಾಂವ. ಹಳೇ ರಕ್‌ಮನ್‌ಗಳು ಎತ್ತರ, ದಪ್ಪ, ತಟ್ಟಿ ಉಸಿರು ಬಿಡ್ಕೋತ ನಿಂತ್ಬಿಡ್ತಿದ್ರು. ಈಂವ ಹತ್ತಿರ ಹತ್ತಿರ 2 ಮೀಟರ್ ಇದ್ರೂ ತಟ್ಟಿ ಮುಗಿದ ಮ್ಯಾಲ ಬಾಲ್ ಹಿಂದ ಓಡಿ ಮತ್ತೊಂದು ತುದಿಗೆ ಹೋಗಿ ಕ್ಯಾಚ್ ಹಿಡೀತಿದ್ದ, ಎದುರಿನಾಂವ ಅರ್ಧ ಮ್ಯಾಚಿಗೇ ಸುಸ್ತು. ನನಗ ಕೇಳಿದ್ರ ಅವನ ಆಟದಾಗ ಇದಾ ದೊಡ್ಡದು, ಮೆಡಲ್ ಅಲ್ಲ.

ಇನ್ನ 244 ಮ್ಯಾಚಿಂದು. ಪೆಟ್ಟು ಬಿದ್ರೂ ಆಡಿದ, ಕಡೀಕ 1998ರಾಗ ಕೈ ಮುರಿದ ಮ್ಯಾಲ ಆ ಲೆಕ್ಕ ನಿಂತಿದ್ದು. ಮಂದಿ ಇದನ್ನ ಭಾರಿ ಹೊಗಳ್ತಾರ, ನಾ ಹೊಗಳಂಗಿಲ್ಲ. ಇವತ್ತು ಹಂಗ ಆಡ್ತೀನಂದ್ರ ಕ್ಲಬ್ ಡಾಕ್ಟ್ರು ಬಿಡಂಗಿಲ್ಲ, ತಲೀಗೆ ಪೆಟ್ಟು ಬಿದ್ರಂತೂ ಕಡ್ಡಾಯ ಹೊರಗ. ಮಗನ್ನ ಆಡಸಾಕ ಹೊಂಟೀರಿ, ಈ ಕಥಿ ಕೇಳಿ ಅಂವ ನೋವು ಮುಚ್ಚಿಡೂದು ಕಲೀಬಾರ್ದು.

ಡೀಮನ್ಸ್_ಪುಟ್ಟಸ್ವಾಮಿ

ಸರ್, ಡಾಕ್ಟ್ರು ವಿಷ್ಯ ಒಪ್ಪಿದೆ. ಆದ್ರೆ 11 ವರ್ಷ ಒಂದು ವಾರನೂ ಬಿಡದೆ ಟೀಮಲ್ಲಿ ಇರೋದು ಬರೀ ಹಠ ಅಲ್ಲ, ಫಾರ್ಮ್ ಇಲ್ಲಾಂದ್ರೆ ಕೋಚೇ ಕಿತ್ತಾಕ್ತಾರೆ ಅಲ್ವಾ. ನಿಮ್ಮ ಬುಲ್‌ಡಾಗ್ಸ್ ಕ್ಲಬ್‌ನವರಿಗೆ 2021ರ ಗ್ರ್ಯಾಂಡ್ ಫೈನಲಲ್ಲಿ ನಮ್ಮ ಕೈಲಿ ಸೋತಿದ್ದು ಇನ್ನೂ ಉರೀತಿರ್ಬೇಕು ಬಿಡಿ 😄

ಧಾರವಾಡ_ಬುಲ್‌ಡಾಗ್

74 ಪಾಯಿಂಟ್ ರೀ. ನೆನಪು ಮಾಡಬ್ಯಾಡ್ರಿ.

ಸ್ಮಿತಾ_ಬ್ರನ್ಸ್‌ವಿಕ್

ನೀವಿಬ್ರೂ ಆಟದಲ್ಲೇ ಇದೀರ. ಬ್ರಿಡ್ಜ್ ಯಾಕೆ ಅಂತ ಕೇಳಿದ್ದಲ್ವಾ? ಬ್ರೌನ್‌ಲೋ ಗೆದ್ದೋರು ತುಂಬಾ ಜನ ಇದಾರೆ, ಎಲ್ರ ಹೆಸರಲ್ಲೂ ಬ್ರಿಡ್ಜ್ ಇಲ್ಲ.

ಇವ್ರು ಇನ್ನೂ ಆಡ್ತಿರುವಾಗ್ಲೇ 1994ರಲ್ಲಿ ಪಾಲ್ ಕರೀ ಅನ್ನೋರ ಜೊತೆ ಸೇರಿ ರೀಚ್ ಅಂತ ಒಂದು ಸಂಸ್ಥೆ ಶುರು ಮಾಡಿದ್ರು, ಟೀನೇಜ್ ಮಕ್ಕಳಿಗೆ. ಭಾಷಣ ಬಿಗಿಯೋದಲ್ಲ, ಮಕ್ಕಳು ಮಕ್ಕಳ ಮುಂದೆನೇ ಬಾಯಿ ಬಿಟ್ಟು ಮಾತಾಡೋ ಥರ ವರ್ಕ್‌ಶಾಪ್. ಈಗಲೂ ನಡೀತಿದೆ.

ಆಮೇಲೆ 2008. ಮೆಲ್ಬರ್ನ್ ಕ್ಲಬ್ ಟೇಬಲ್ ತಳದಲ್ಲಿ, ಹತ್ತಿರ ಹತ್ತಿರ 50 ಲಕ್ಷ ಡಾಲರ್ ಸಾಲ, ಕ್ಲಬ್ ಉಳಿಯತ್ತೋ ಇಲ್ವೋ ಅನ್ನೋ ಸ್ಥಿತಿ. ಆಗ ಇವ್ರು ಪ್ರೆಸಿಡೆಂಟ್ ಆಗಿ ಬಂದ್ರು. ಮುಂದಿನ ವರ್ಷನೇ ಕ್ಯಾನ್ಸರ್ ಅಂತ ಗೊತ್ತಾಯ್ತು, ಮೆಲನೋಮಾ, ಹರಡಿತ್ತು. ಟ್ರೀಟ್‌ಮೆಂಟ್ ಮಧ್ಯೆನೇ ಫಂಡ್ ರೈಸಿಂಗ್ ಮಾಡಿ ಮಾಡಿ 2010ಕ್ಕೆ ಸಾಲ ತೀರಿಸಿಬಿಟ್ರು. 2012ರ ಮಾರ್ಚ್ 20ಕ್ಕೆ ಹೋದ್ರು, 45 ವರ್ಷ ಅಷ್ಟೇ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಸರ್ಕಾರಿ ಗೌರವದಲ್ಲಿ ಅಂತ್ಯಕ್ರಿಯೆ. ಕ್ಲಬ್ಬು 2021ರಲ್ಲಿ 57 ವರ್ಷದ ಮೇಲೆ ಕಪ್ ಗೆದ್ದಿದ್ದು ನೋಡೋಕೆ ಇರ್ಲಿಲ್ಲ. ಅದೂ ಕೋವಿಡ್ ಅಂತ ಮ್ಯಾಚ್ ಪರ್ತ್‌ನಲ್ಲಿ ಆಗಿದ್ದು, ಪಾಪ ಈ ಊರಿನವ್ರೆಲ್ಲ ಮನೇಲಿ ಟಿವಿ ಮುಂದೆ.

ಸಾಲ ತೀರಿಸಿದ್ರೂ ಆ ವರ್ಷಗಳಲ್ಲಿ ಟೀಮ್ ಆಟ ಮಾತ್ರ ಕೆಟ್ಟದಾಗೇ ಇತ್ತು, ಅದನ್ನೂ ಹೇಳ್ಬೇಕು, ಎಲ್ಲಾ ಸರಿ ಮಾಡಿಬಿಟ್ರು ಅಂತೇನಿಲ್ಲ.

ಡಾಕ್‌ಲ್ಯಾಂಡ್ಸ್_ಸೈಕಲ್

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಸ್ಮಿತಾ ಮೇಡಂ ನಿಮ್ಮ ರಿಪ್ಲೈ ನನ್ನ ಹೆಂಡ್ತಿಗೂ ಓದಿ ಹೇಳ್ದೆ. ಆ 1987 ವಿಡಿಯೋನೂ ನೋಡ್ದೆ, ಅಯ್ಯೋ ಅನ್ಸ್ತು. ಇವ್ರಾದ್ಮೇಲೆ ಹಂಗೆ ಹೊರಗಡೆಯಿಂದ ಬಂದೋರು ಇದಾರಾ? ಮಗನ ವಿಷ್ಯನೂ ಯಾರಾದ್ರೂ ಹೇಳಿ ಪ್ಲೀಸ್.

ಡೀಮನ್ಸ್_ಪುಟ್ಟಸ್ವಾಮಿ

ಬೇಕಾದಷ್ಟು ಜನ. ಟೈಗ್ ಕೆನೆಲಿ 2005ರಲ್ಲಿ ಸಿಡ್ನಿ ಜೊತೆ ಕಪ್ ಗೆದ್ದ ಮೊದಲ ಐರಿಷ್‌ನವನು, ಆಮೇಲೆ ಊರಿಗೆ ಹೋಗಿ 2009ರಲ್ಲಿ ಕೆರಿ ಟೀಮ್ ಜೊತೆ ಆಲ್ ಐರ್ಲೆಂಡೂ ಗೆದ್ದ, ಎರಡೂ ಕಡೆ! ಝಾಕ್ ಟೂಹಿ ಸ್ಟೈನ್ಸ್‌ದು 264 ದಾಟಿ 288 ಮ್ಯಾಚ್ ಆಡಿ ನಿಲ್ಲಿಸಿದ್ದು, 2022ರಲ್ಲಿ ಜೀಲಾಂಗ್ ಕಪ್ ಗೆದ್ದಾಗ ಟೀಮಲ್ಲಿದ್ದ. ಐರ್ಲೆಂಡ್ ಬಿಟ್ಟು ಬೇರೆ ಬೇಕು ಅಂದ್ರೆ ಮಾಜಕ್ ಡಾ ನೋಡಿ, ಸುಡಾನಲ್ಲಿ ಹುಟ್ಟಿ ಎಎಫ್‌ಎಲ್ (ಫುಟಿಯ ಟಾಪ್ ಲೀಗ್) ಆಡಿದ ಮೊದಲನೆಯವನು, 2013ರಲ್ಲಿ ನಾರ್ತ್ ಮೆಲ್ಬರ್ನ್‌ಗೆ ಮೊದಲ ಕಿಕ್‌ನಲ್ಲೇ ಗೋಲ್.

ಸ್ಮಿತಾ_ಬ್ರನ್ಸ್‌ವಿಕ್

13ಕ್ಕೆ ಏನೂ ಲೇಟಲ್ಲ, ಆದ್ರೆ ಆಸ್‌ಕಿಕ್‌ಗೆ ಹೋಗ್ಬೇಡಿ, ಅದು ಪುಟ್ಟ ಮಕ್ಕಳಿಗೆ. ನಿಮ್ಮ ಏರಿಯಾದ ಜೂನಿಯರ್ ಕ್ಲಬ್ ಹುಡುಕಿ, ಸೀಸನ್ ಚಳಿಗಾಲದಲ್ಲಿ, ರಿಜಿಸ್ಟ್ರೇಷನ್ ಬೇಸಿಗೆಯಲ್ಲೇ ಶುರು. ಮೌತ್‌ಗಾರ್ಡ್ ಡೆಂಟಿಸ್ಟ್ ಹತ್ರ ಅಳತೆ ಕೊಟ್ಟು ಮಾಡ್ಸಿ, ಅಂಗಡೀಲಿ ಸಿಗೋದು ನನ್ ಮಗ ಮೊದಲ ಕ್ವಾರ್ಟರಲ್ಲೇ ಉಗುಳಿಬಿಡ್ತಿದ್ದ. ಶನಿವಾರ ಭಾನುವಾರ ಬೆಳಗ್ಗೆ ನಿದ್ದೆ ಮರ್ತ್‌ಬಿಡಿ.

ಧಾರವಾಡ_ಬುಲ್‌ಡಾಗ್

ಮತ್ತ ಬುಲ್‌ಡಾಗ್ಸ್ ಜೆರ್ಸಿ ಕೊಡಸ್ರಿ ಹುಡುಗನಿಗೆ, ಪುಟ್ಟಸ್ವಾಮಿ ಅವ್ರ ಮಾತು ಕೇಳಬ್ಯಾಡ್ರಿ.