ನಮ್ಮ ಕಬಡ್ಡಿ ತಂಡದ ಡಿಫೆನ್ಸ್ ಕುಸಿಯುತ್ತಿದೆ: ಕೊರತೆ ಕೋಚಿಂಗ್‌ನಲ್ಲಾ, ಹುಡುಗರಲ್ಲಾ?

ಬದಿಯಡ್ಕದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಆದರೂ ಪೂರ್ತಿ ಓದಿ ಉತ್ತರ ಕೊಡಿ.

ನಾನು ಬದಿಯಡ್ಕ ಹತ್ತಿರದ ಒಂದು ಸಣ್ಣ ಕ್ಲಬ್ಬಿನ ಕಾರ್ಯದರ್ಶಿ. ನಮ್ಮ ತಂಡ ಈ ಸಲ ಆರು ಪಂದ್ಯಾಟಕ್ಕೆ ಹೋಗಿದೆ. ಒಂದರಲ್ಲೂ ಎರಡನೇ ಸುತ್ತು ದಾಟಲಿಲ್ಲ. ರೈಡಿಂಗ್‌ನಲ್ಲಿ ತೊಂದರೆ ಇಲ್ಲ. ಹೋದ ತಿಂಗಳು ನಮ್ಮ ಮುಖ್ಯ ರೈಡರ್ ಒಂದೇ ಪಂದ್ಯದಲ್ಲಿ 14 ಪಾಯಿಂಟ್ ತಂದ, ಆದರೂ ಸೋತು ಬಂದೆವು. ಅವನು ವ್ಯಾನಿನಲ್ಲಿ ಮನೆವರೆಗೂ ಒಂದು ಮಾತು ಆಡಲಿಲ್ಲ.

ತೊಂದರೆ ಇರುವುದು ಕ್ಯಾಚಿಂಗ್‌ನಲ್ಲಿ. ಎದುರಿನ ರೈಡರ್ ಹೆಚ್ಚಿನ ಪಾಯಿಂಟ್‌ಗೆ ಬೋನಸ್ ಗೆರೆ ದಾಟಿ ಕಾಲು ಹಾಕುತ್ತಾನೆ, ಸಾಲಿನ ಎಡ ತುದಿಯಲ್ಲಿ ನಿಲ್ಲುವ ನಮ್ಮ ಎಡ ಕಾರ್ನರ್ ಅವನ ಆಂಕಲ್ (ಕಾಲಿನ ಮಣಿಗಂಟು) ಹಿಡಿಯುತ್ತಾನೆ, ಹಿಡಿತ ಸಿಗುತ್ತದೆ ಕೂಡ. ಆದರೆ ಉಳಿದವರು ಬಂದು ಸೇರುವಾಗ ರೈಡರ್ ಎಳೆದುಕೊಂಡೇ ಅರ್ಧ ದಾರಿ ಹೋಗಿರುತ್ತಾನೆ. ಮತ್ತೆ ಮೂರು ಜನ ಒಟ್ಟಿಗೆ ಔಟ್. ಹೀಗೆ ಎರಡು ಸಲ ಆದರೆ ಆಲ್ ಔಟ್ ಅಂತಲೇ ಲೆಕ್ಕ.

ಕ್ಲಬ್ಬಿನಲ್ಲಿ ಈಗ ಎರಡು ಪಂಗಡ ಆಗಿದೆ. ಅರ್ಧ ಜನ ಕೋಚ್ ಬದಲಾಯಿಸಿ ಅನ್ನುತ್ತಾರೆ. ಇನ್ನರ್ಧ ಜನರ ಪ್ರಕಾರ ಕೋಚ್ ಏನು ಮಾಡಿಯಾರು, ನಮ್ಮ ಹಳೇ ಎಡ ಕಾರ್ನರ್ ಕಳೆದ ವರ್ಷ ದುಬೈಗೆ ಹೋದ, ಆ ಜಾಗಕ್ಕೆ ಬಂದವನಿಗೆ ಇನ್ನೂ 19 ವರ್ಷ. ನಮ್ಮ ಕೋಚ್ ಒಂದು ರೂಪಾಯಿ ತಗೊಳ್ಳುವುದಿಲ್ಲ. ಸಂಜೆ ಅಂಗಡಿ ಮುಚ್ಚಿ ನೇರ ಗ್ರೌಂಡಿಗೆ ಬರುತ್ತಾರೆ. ಅವರಿಗೆ ಅನ್ಯಾಯ ಆಗಬಾರದು, ಹುಡುಗರಿಗೂ ಆಗಬಾರದು. ಬರುವ ಭಾನುವಾರ ಮೀಟಿಂಗ್ ಇದೆ. ಆಡಿದವರು, ಆಡಿಸಿದವರು ದಯವಿಟ್ಟು ಹೇಳಿ.

ಉಪ್ಪಳ ರೈಡರ್

ನಾನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ಆಳು ಇಲ್ಲದಿದ್ದರೆ ಯಾವ ಕೋಚ್ ಬಂದರೂ ಅಷ್ಟೇ.

ಪ್ರೊ ಕಬಡ್ಡಿಯನ್ನೇ ನೋಡಿ. ಪುಣೇರಿ ಪಲ್ಟನ್ 9ನೇ ಸೀಸನ್ ಫೈನಲ್‌ನಲ್ಲಿ ಜೈಪುರದ ಎದುರು 33-29ರಲ್ಲಿ ಸೋತಿತು. ಆಗಲೂ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಮುಂದಿನ ಸೀಸನ್‌ಗೆ ಇರಾನಿನ ಡಿಫೆಂಡರ್ ಶಾದ್ಲೂಯಿಯನ್ನು 2.35 ಕೋಟಿ ಕೊಟ್ಟು ತಂದರು. ಅವನು 99 ಟ್ಯಾಕಲ್ ಪಾಯಿಂಟ್ ಮಾಡಿದ, ಕಪ್ ಬಂತು. ಕೋಚ್ ಅವರೇ, ಬದಲಾದದ್ದು ಆಳು. ಆಮೇಲೆ ಅವನು ಹರಿಯಾಣ ಸ್ಟೀಲರ್ಸ್‌ಗೆ ಹೋದ, 11ನೇ ಸೀಸನ್ ಕಪ್ ಹರಿಯಾಣಕ್ಕೆ. ಪಲ್ಟನ್ ಪ್ಲೇಆಫ್‌ಗೂ ಬರಲಿಲ್ಲ. ಇದಕ್ಕಿಂತ ಜಾಸ್ತಿ ಏನು ಬೇಕು?

ನಿಮ್ಮ ದುಬೈಗೆ ಹೋದ ಹುಡುಗನ ಆಟ ನಾನು ಎದುರು ನಿಂತು ನೋಡಿದ್ದೇನೆ. ಅವನು ಇದ್ದಾಗ ನಾನು ಆ ಬದಿಗೆ ಬೋನಸ್‌ಗೆ ಹೋಗಲು ಎರಡು ಸಲ ಯೋಚಿಸುತ್ತಿದ್ದೆ. ಈಗಿನವನ ಎದುರು ಯಾರೂ ಯೋಚಿಸುವುದಿಲ್ಲ.

ಹಳೇ ಎಡ ಕಾರ್ನರ್, ಮುಳ್ಳೇರಿಯ

ತಮ್ಮಾ ಉಪ್ಪಳ, ನೀನು ಹೇಳಿದ ಲೆಕ್ಕ ಸರಿ ಇದೆ, ಆದರೆ ಅರ್ಧ ಮಾತ್ರ. ಶಾದ್ಲೂಯಿ ಬರುವ ಮೊದಲೇ, 10ನೇ ಸೀಸನ್‌ನಲ್ಲಿ, ಹರಿಯಾಣ ಫೈನಲ್‌ಗೆ ಬಂದಿತ್ತು. ಹೈದರಾಬಾದಿನಲ್ಲಿ ಅದೇ ಪಲ್ಟನ್ ಎದುರು 28-25ರಲ್ಲಿ ಸೋತದ್ದು. ಮೂರೇ ಪಾಯಿಂಟ್. ಜೈದೀಪ್, ರಾಹುಲ್ ಸೇತ್‌ಪಾಲ್ ಈ ಡಿಫೆಂಡರ್‌ಗಳನ್ನೆಲ್ಲ ಅವರ ಕೋಚ್ ಮನ್‌ಪ್ರೀತ್ ಸಿಂಗ್ ಬಿಡದೆ ಒಟ್ಟಿಗೆ ಆಡಿಸಿದ್ದರು. ಕಟ್ಟಿದ ಮನೆಗೆ ಶಾದ್ಲೂಯಿ ಬಂದು ಸೇರಿದ. ಇನ್ನು ಪಲ್ಟನ್ 11ನೇ ಸೀಸನ್‌ನಲ್ಲಿ ಬಿದ್ದದ್ದಕ್ಕೆ ಅವರ ನಾಯಕ ಅಸ್ಲಂ ಇನಾಮ್‌ದಾರ್ ಪೆಟ್ಟಾಗಿ ಹೊರಗೆ ಕುಳಿತದ್ದೂ ದೊಡ್ಡ ಕಾರಣ. ಅದನ್ನು ಬಿಟ್ಟು ಹೇಳಬೇಡ.

ಈಗ ಬದಿಯಡ್ಕದ ತಮ್ಮನಿಗೆ. ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ. 'ಹಿಡಿತ ಸಿಗುತ್ತದೆ ಕೂಡ' ಅಂತ ನೀನೇ ಬರೆದಿದ್ದೀಯ. ಅಂದರೆ ಆ 19ರ ಹುಡುಗನಿಗೆ ಕಣ್ಣು ಇದೆ, ಕೈ ಇದೆ. ಇಲ್ಲದ್ದು ಹಿಂದೆ ಬರುವವರು.

ಸ್ವಲ್ಪ ಲೆಕ್ಕ ಹಾಕಿ ನೋಡು. ಮಧ್ಯದ ಗೆರೆಯಿಂದ ಬಾಕ್ ಲೈನ್‌ಗೆ (ರೈಡರ್ ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಲೈನ್‌ಗೆ ಇನ್ನೊಂದು ಮೀಟರ್. ಬೋನಸ್‌ಗೆ ಬಂದವನನ್ನು ಹಿಡಿದರೆ ಅವನು ವಾಪಸ್ ಹೋಗಬೇಕಾದದ್ದು 4.75 ಮೀಟರ್. ಅವನು ಪೂರ್ತಿ ಹೋಗಬೇಕಾಗಿಲ್ಲ, ಮುಂದಕ್ಕೆ ಬಿದ್ದು ಕೈ ಚಾಚಿ ಬೆರಳು ತಾಗಿಸಿದರೆ ಸಾಕು. ಗಟ್ಟಿ ಆಳಾದರೆ ಎರಡು ಹೆಜ್ಜೆ, ಒಂದು ಹಾರು. ಅಷ್ಟರೊಳಗೆ ಸಾಲಿನ ನಡುಭಾಗದಲ್ಲಿ ನಿಲ್ಲುವ ಕವರ್ ಎದುರಿನಿಂದ ಬಂದು ಬ್ಲಾಕ್ ಹಾಕಬೇಕು. ಕಾರ್ನರ್ ಹಿಡಿದದ್ದನ್ನು ನೋಡಿ ಹೊರಟರೆ ತಡ ಆಯ್ತು. ಕಾರ್ನರ್ ಹೋಗುವಾಗಲೇ ಹೊರಡಬೇಕು. ಅದು ಹೇಗೆ ಗೊತ್ತಾಗಬೇಕು? ಕೈಯಲ್ಲಿ. ಕಾರ್ನರ್ ಮತ್ತು ಅವನ ಪಕ್ಕ ನಿಲ್ಲುವ ಇನ್ ಕೈ ಹಿಡಿದು ನಿಲ್ಲುವುದು ಚಂದಕ್ಕಲ್ಲ. ಕಾರ್ನರ್ ನುಗ್ಗುವ ಮೊದಲು ಒಮ್ಮೆ ಬೆರಳು ಒತ್ತಬೇಕು. ಇನ್‌ನವನು ಅದೇ ಕ್ಷಣ ಒಳಗೆ ತಿರುಗುತ್ತಾನೆ, ಅವನ ಹೆಗಲು ತಿರುಗಿದ್ದು ನೋಡಿ ಕವರ್ ಹೊರಡುತ್ತಾನೆ.

ನಮಗೆ ಇದನ್ನು ಕಲಿಸಿದವರು ಒಬ್ಬರು ಮಾಸ್ಟ್ರು. ಅಡಿಕೆ ಒಣಗಿಸುವ ಅಂಗಳ ಖಾಲಿ ಆದ ಮೇಲೆ ಅಲ್ಲೇ ಅಭ್ಯಾಸ. ನನ್ನ ಬಲಗೈಯನ್ನೂ ಇನ್ ಆಡುವವನ ಎಡಗೈಯನ್ನೂ ಒಂದು ಬೈರಾಸಿನಲ್ಲಿ (ಟವೆಲಿನಲ್ಲಿ) ಕಟ್ಟಿ ಬಿಡುತ್ತಿದ್ದರು. ರೈಡರ್ ಬರುತ್ತಿದ್ದ, ಆದರೆ ನಾವು ಹಿಡಿಯುವ ಹಾಗಿಲ್ಲ. ಸುಮ್ನೆ ಹಿಂದೆ, ಮುಂದೆ, ಬದಿಗೆ ಅವನ ಜತೆ ಹೋಗಬೇಕು. ಬೈರಾಸು ಬಿಗಿ ಆದರೆ ತಪ್ಪು, ಜೋತು ನೆಲಕ್ಕೆ ತಾಗಿದರೂ ತಪ್ಪು. ಮೊದಲ ವಾರ ಮಣಿಕಟ್ಟು ಸುಲಿದು ಕೆಂಪಾಗಿತ್ತು, ಬೆವರು ತಾಗಿ ಉರಿಯುತ್ತಿತ್ತು. ಮೂರನೇ ವಾರಕ್ಕೆ ಬಟ್ಟೆ ಇದೆ ಅನ್ನುವುದೇ ಮರೆತು ಹೋಯಿತು. ಆಗ ಬಿಚ್ಚಿದರು. ಅದರ ನಂತರವೇ ಹಿಡಿಯಲು ಬಿಟ್ಟದ್ದು. ನಾನು ಆಗ 58 ಕೆಜಿ. ನನ್ನಲ್ಲಿ ದೊಡ್ಡ ಪ್ರತಿಭೆ ಏನೂ ಇರಲಿಲ್ಲ. ಪಕ್ಕದವನು ಏನು ಮಾಡುತ್ತಾನೆ ಅಂತ ಗೊತ್ತಿತ್ತು, ಅಷ್ಟೇ.

ಹಾಗಾಗಿ ನನ್ನ ಮಟ್ಟಿಗೆ ಇದು ಕಲಿಸುವುದರ ಕೊರತೆ. ಹಾಗಂತ ಕೋಚ್ ಬದಲಾಯಿಸಿ ಅಂತ ನಾನು ಹೇಳುತ್ತಿಲ್ಲ, ಗಮನಿಸು. ಅವರು ಏನು ಕಲಿಸುತ್ತಿದ್ದಾರೆ, ಎಷ್ಟು ಹೊತ್ತು, ಯಾರಿಗೆ, ಇದು ಮೊದಲು ಹೇಳು.

ಪಿಟಿ ಟೀಚರ್, ಮಂಜೇಶ್ವರ ಕಡೆ

ಹಳೇ ಕಾರ್ನರ್ ಅಣ್ಣ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ಹೆಣ್ಣುಮಕ್ಕಳ ತಂಡ ಆಡಿಸುತ್ತೇನೆ.

ಇರಾನಿನ ಆಟಗಾರರು ಅಂದ ಕೂಡಲೇ ಎಲ್ಲರೂ ಕುಸ್ತಿ, ಮೈಕಟ್ಟು ಅನ್ನುತ್ತಾರೆ. ಅದು ಸುಳ್ಳಲ್ಲ. ಫಜಲ್ ಅತ್ರಾಚಲಿಯ ಥೈ ಹೋಲ್ಡ್ (ತೊಡೆ ಹಿಡಿತ) ನೋಡಿದವರಿಗೆ ಗೊತ್ತು. ಆದರೆ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ನೆನಪು ಮಾಡಿಕೊಳ್ಳಿ. ಹೆಣ್ಣುಮಕ್ಕಳ ಫೈನಲ್‌ನಲ್ಲಿ ಇರಾನ್ ನಮ್ಮನ್ನು 27-24ರಲ್ಲಿ ಸೋಲಿಸಿತು. ಅವರ ಕೋಚ್ ಯಾರು? ನಾಸಿಕದ ಶೈಲಜಾ ಜೈನ್. ನಮ್ಮ ದೇಶದ ಟೀಚರ್ ಅಲ್ಲಿ ಹೋಗಿ ಕಲಿಸಿದ್ದು. ಪ್ರತಿಭೆ ಮಾತ್ರ ಸಾಕಾಗುವುದಾದರೆ ಆ ದಿನ ಚಿನ್ನ ನಮಗೇ ಬರಬೇಕಿತ್ತು.

ಇನ್ನೊಂದು ವಿಷಯ. ನಮ್ಮ ಕಡೆ ಅಭ್ಯಾಸ ಅಂದರೆ ಏನು? ಹುಡುಗರು ಆರೂವರೆಗೆ ಬರುತ್ತಾರೆ, ಎರಡು ಸುತ್ತು ಓಡುತ್ತಾರೆ, ಎರಡು ತಂಡ ಮಾಡಿ ಆಡಲು ಶುರು. ಎಲ್ಲರಿಗೂ ರೈಡ್ ಹೋಗಬೇಕು. ಚಪ್ಪಾಳೆ ಸಿಗುವುದು ಅದಕ್ಕೆ ತಾನೇ. ಕಾರ್ನರ್-ಇನ್ ಜೋಡಿಗೆ ಅಂತ ಬೇರೆ ಹದಿನೈದು ನಿಮಿಷ ಕೊಟ್ಟ ತಂಡ ನಾನು ನೋಡಿದ್ದು ಬಹಳ ಕಡಿಮೆ. ಅದರ ಮೇಲೆ ಮಣ್ಣಿನಲ್ಲಿ ಅಭ್ಯಾಸ, ಹೊನಲು ಬೆಳಕಿನ ಪಂದ್ಯಾಟ ಮ್ಯಾಟ್‌ನಲ್ಲಿ. ಮಣ್ಣಿನಲ್ಲಿ ರೈಡರ್‌ನ ಕಾಲು ಸ್ವಲ್ಪ ಜಾರುತ್ತದೆ, ಹಿಡಿದವನಿಗೆ ಸಮಯ ಸಿಗುತ್ತದೆ. ಮ್ಯಾಟ್‌ನಲ್ಲಿ ಶೂ ಕಚ್ಚಿ ಹಿಡಿಯುತ್ತದೆ, ಅವನು ಅಲ್ಲಿಂದಲೇ ಚಿಮ್ಮುತ್ತಾನೆ. ನಿಮ್ಮ ಕವರ್ ಆ ಅರ್ಧ ಹೆಜ್ಜೆ ತಡ ಆಗುವುದು ಇದರಿಂದಲೂ ಇರಬಹುದು.

ಉಪ್ಪಳ ರೈಡರ್

ಮ್ಯಾಟ್ ವಿಷಯ ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ, ಅದು ರೈಡರ್ ಆಗಿ ನನಗೇ ಗೊತ್ತು. ಆದರೂ ಕೇಳುತ್ತೇನೆ, ಗಲ್ಫ್‌ಗೆ ಹೋಗುವುದು ನಿಲ್ಲುತ್ತದಾ? ಒಬ್ಬ ತಯಾರಾಗುವಾಗ ವೀಸಾ ಬರುತ್ತದೆ. ಚಂದ್ರಗಿರಿ ಹೊಳೆಯ ಆಚೆ ಒಂದೊಂದು ತಂಡದಲ್ಲಿ ಬೆಂಚಿನಲ್ಲೇ ಮೂರು ಕಾರ್ನರ್ ಇರುತ್ತಾರೆ. ನಮ್ಮಲ್ಲಿ ಒಬ್ಬ. ಅವನು ಹೋದರೆ ಅತಿಥಿ ಆಟಗಾರನಿಗೆ ಫೋನ್ ಮಾಡುತ್ತೇವೆ. ಆ ಅತಿಥಿಗೆ ಇನ್ ಆಡುವವನ ಹೆಸರೂ ಗೊತ್ತಿರುವುದಿಲ್ಲ.

ನೀರ್ಚಾಲಿನವನು, ಈಗ ಡಲ್ಲಾಸ್

ಊರಿನ ಆಟದ ಚರ್ಚೆ ನೋಡಿ ಖುಷಿ ಆಯ್ತು. ಇಲ್ಲಿನ ಅಮೆರಿಕನ್ ಫುಟ್ಬಾಲ್‌ನಲ್ಲೂ ವಾರವಾರ ಇದೇ ಜಗಳ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಎದುರು ಐದು ಜನ ಗೋಡೆಯ ಹಾಗೆ ನಿಲ್ಲುತ್ತಾರೆ. ಮಧ್ಯದಲ್ಲಿ ಸೆಂಟರ್, ಅವನ ಎರಡು ಬದಿ ಗಾರ್ಡ್, ತುದಿಯಲ್ಲಿ ಟ್ಯಾಕಲ್. ಎದುರಿನ ಇಬ್ಬರು ಓಡುತ್ತಾ ಜಾಗ ಅದಲು ಬದಲು ಮಾಡಿಕೊಂಡು ನುಗ್ಗಿದರೆ, ಈ ಕಡೆಯ ಇಬ್ಬರೂ ಆ ಕ್ಷಣದಲ್ಲೇ ಆಳು ಬದಲಿಸಿಕೊಳ್ಳಬೇಕು. ಒಬ್ಬ ಹೊಸಬನಾದರೆ ಅಲ್ಲೇ ತೂತು ಬೀಳುತ್ತದೆ. ಎಷ್ಟೇ ಡಾಲರ್ ಕೊಟ್ಟು ತಂದವನಾದರೂ ಹಾಗೇ.

2011ರಲ್ಲಿ ಇಲ್ಲಿನ ಲೀಗ್ ಎನ್‌ಎಫ್‌ಎಲ್ ಜತೆ ಆಟಗಾರರ ಒಪ್ಪಂದ ಹೊಸದಾಯಿತು. ಮೈಗೆ ರಕ್ಷಣೆ ಕಟ್ಟಿಕೊಂಡು ಪೂರ್ತಿ ತಾಗುವ ಅಭ್ಯಾಸ ಇಡೀ ಲೀಗ್ ಸೀಸನ್‌ಗೆ 14 ಸಲ ಮಾತ್ರ ಅಂತ ಆಯಿತು. ದೇಹಕ್ಕೆ ಒಳ್ಳೆಯದು, ಬೇಕಾದದ್ದೇ. ಆದರೆ ಸಾಲಿನಲ್ಲಿ ನಿಲ್ಲುವವರು ಒಟ್ಟಿಗೆ ಪಳಗುವ ಸಮಯ ಕಡಿಮೆ ಆಯ್ತು ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ. ನಿಮ್ಮ ಬೈರಾಸಿನ ಕಥೆ ಓದುವಾಗ ಅದೇ ನೆನಪಾಯಿತು.

ಬದಿಯಡ್ಕದ ಹುಡುಗ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕುಳಿತು ಮೊಬೈಲ್‌ನಲ್ಲಿದ್ದ ಮೂರು ಪಂದ್ಯದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕಾರ್ನರ್ ಅಣ್ಣ ಹೇಳಿದ ಹಾಗೇ ಇದೆ. ಹುಡುಗ ನುಗ್ಗುವಾಗ ಇನ್‌ನವನ ಕೈಯನ್ನು ಒತ್ತುವುದಿಲ್ಲ, ಕೊಡವಿ ಬಿಡುತ್ತಾನೆ. ಇನ್‌ನವನು ಆಗ ಹಿಂದಕ್ಕೆ ವಾಲಿರುತ್ತಾನೆ. ಪ್ರತಿ ಸಲ. ನಾನು ಆರು ಪಂದ್ಯಾಟ ಬದಿಯಲ್ಲೇ ನಿಂತು ನೋಡಿದ್ದೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ನಾನೂ ರೈಡರ್‌ನ ಕಾಲನ್ನೇ ನೋಡುತ್ತಿದ್ದೆ.

ಅಣ್ಣ ಕೇಳಿದ್ದಕ್ಕೆ ಉತ್ತರ. ವಾರಕ್ಕೆ ಮೂರು ದಿನ ಅಭ್ಯಾಸ. ಈ ಸೀಸನ್‌ನಲ್ಲಿ ಏಳೂ ಜನ ಒಟ್ಟಿಗೆ ಬಂದ ದಿನ ಹತ್ತೂ ಇರಲಿಕ್ಕಿಲ್ಲ. ಇನ್ ಆಡುವವನು ರಬ್ಬರ್ ಟ್ಯಾಪಿಂಗ್‌ಗೆ ಬೆಳಗ್ಗೆ ನಾಲ್ಕಕ್ಕೆ ಏಳುವವನು, ಸಂಜೆ ಬಂದರೂ ಎಂಟಕ್ಕೆ ಹೊರಡುತ್ತಾನೆ. ಕವರ್ ಪ್ಲಂಬಿಂಗ್ ಕೆಲಸ, ಮಂಗಳೂರಿನಿಂದ ಬರುವಾಗಲೇ ಎಂಟು ಆಗುತ್ತದೆ. ಇವರಿಬ್ಬರು ಒಬ್ಬರನ್ನೊಬ್ಬರು ನೋಡುವುದೇ ಪಂದ್ಯಾಟದ ದಿನ ವ್ಯಾನಿನಲ್ಲಿ. ಇದನ್ನು ಕೋಚ್‌ಗೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, 'ಬಂದವರಿಗೆ ಬಂದದ್ದು ಕಲಿಸುತ್ತಿದ್ದೆ ಮಾರಾಯ, ನಾನು ಆಡಿದ್ದು ರೈಡರ್ ಆಗಿ, ಕಾರ್ನರ್ ನನಗೂ ಅಷ್ಟು ಬರುವುದಿಲ್ಲ' ಅಂದರು. ಅವರ ಬಾಯಿಂದಲೇ ಆ ಮಾತು ಬಂದಾಗ ನನಗೆ ಮುಂದೆ ಏನು ಹೇಳಬೇಕು ಗೊತ್ತಾಗಲಿಲ್ಲ.

ಮೀಟಿಂಗ್‌ನಲ್ಲಿ ನಾನು ಕೋಚ್ ಬದಲಾಯಿಸುವ ಮಾತಿಗೆ ಒಪ್ಪುವುದಿಲ್ಲ. ಆದರೆ ಕಾರ್ನರ್ ಅಣ್ಣ, ನಿಮ್ಮಲ್ಲಿ ಒಂದು ಕೇಳಿಕೆ. ಭಾನುವಾರ ಬೆಳಗ್ಗೆ ಏಳಕ್ಕೆ ಏಳೂ ಜನರನ್ನು ಕರೆಸುತ್ತೇನೆ, ಟ್ಯಾಪಿಂಗ್‌ನವನಿಗೂ ಆ ದಿನ ಬದಲಿ ಆಳು ಸಿಕ್ಕಿದ್ದಾನೆ. ನೀವು ಒಮ್ಮೆ ಬರಬಹುದಾ? ನಮ್ಮ ಕೋಚೂ ನಿಮ್ಮ ಪಕ್ಕ ನಿಂತು ನೋಡುತ್ತೇನೆ ಅಂದಿದ್ದಾರೆ.

ಹಳೇ ಎಡ ಕಾರ್ನರ್, ಮುಳ್ಳೇರಿಯ

ಬರುತ್ತೇನೆ ತಮ್ಮಾ. ಆರೂ ಮುಕ್ಕಾಲಿಗೇ ಅಲ್ಲಿರುತ್ತೇನೆ. ಆ 19ರ ಹುಡುಗನಿಗೆ ಉಗುರು ಕತ್ತರಿಸಿ ಬರಲು ಹೇಳು. ಬೈರಾಸು ಎರಡು ಬೇಕು, ಹೊಸದು ತರಬೇಡ, ಒಗೆದು ಮೆತ್ತಗಾದದ್ದು ಇರಲಿ.

ಉಪ್ಪಳ ರೈಡರ್

ಅವರಿಗೆ ಎದುರು ರೈಡ್ ಮಾಡಲು ಆಳು ಬೇಕಲ್ವಾ, ನಾನೂ ಬರುತ್ತೇನೆ.