ಮೊಂಡ್ರಿಯಾನ್ ಗೆರೆಗಳ ಫ್ರಾಕ್: ಪ್ರಿಂಟ್ ಮಾಡಿಸುವುದೋ, ತುಂಡು ಜೋಡಿಸುವುದೋ?

ಸೂಜಿದಾರ:
ಫ್ರೆಂಚ್ ಉಡುಪು ವಿನ್ಯಾಸಕ ಈವ್ ಸಾಂ ಲೋರಾಂ 1965ರಲ್ಲಿ, ಕಪ್ಪು ಗೆರೆ, ಬಣ್ಣದ ಚೌಕಗಳ ಚಿತ್ರ ಬರೆದ ಡಚ್ ಕಲಾವಿದ ಮೊಂಡ್ರಿಯಾನ್ ಚಿತ್ರಗಳಿಂದ ಮಾಡಿದ ಫ್ರಾಕಿನ ಮಾದರಿ ಹೊಲಿಯಬೇಕು. ಪ್ರಿಂಟ್ ಬಟ್ಟೆಯಾದರೆ ಎದೆಯ ಡಾರ್ಟ್ (ಮೈಯ ಆಕಾರಕ್ಕೆ ಬಟ್ಟೆಯನ್ನು ಚೂಪಾಗಿ ಮಡಚಿ ಹಾಕುವ ಹೊಲಿಗೆ) ಹತ್ತಿರ ಕಪ್ಪು ಗೆರೆ ಮುರಿಯುತ್ತದೆ, ಡಾರ್ಟ್ ಬಿಟ್ಟರೆ ಮುಂಭಾಗ ಡೇರೆಯ ಹಾಗೆ ನಿಲ್ಲುತ್ತದೆ. ಏನು ದಾರಿ? ಆಮೇಲೆ ರವಿವರ್ಮರ ಚಿತ್ರವನ್ನು ರೇಷ್ಮೆ ಸೀರೆಯ ಸೆರಗಿಗೆ ತರುವ ಯೋಚನೆಯೂ ಇದೆ.

ಕಟಿಂಗ್‌ಮೇಜು:
ಮೂಲದಲ್ಲಿ ಪ್ರಿಂಟೇ ಇಲ್ಲ. ಉಣ್ಣೆಯ ಜರ್ಸಿಯಲ್ಲಿ (ಹೆಣೆದ ಬಟ್ಟೆ) ಬಣ್ಣದ ತುಂಡು, ಕಪ್ಪು ಪಟ್ಟಿ ಎಲ್ಲವನ್ನೂ ಬೇರೆ ಬೇರೆ ಕತ್ತರಿಸಿ ಜೋಡಿಸಿದ್ದಾರೆ. ಮೈಗೆ ಬೇಕಾದ ಆಕಾರ ಆ ಹೊಲಿಗೆಗಳೊಳಗೇ ಅಡಗಿದೆ. ಆ ಉಡುಪಿನ ಜಾಣ್ಮೆ ಇರುವುದೇ ಅಲ್ಲಿ.

ಎದೆಯ ಮಟ್ಟದಲ್ಲಿ ಒಂದು ಅಡ್ಡ ಪಟ್ಟಿ ಬರುವಂತೆ ಕಾಗದದ ಮೇಲೆ ಗೆರೆ ಹಾಕಿ, ಬದಿಯ ಡಾರ್ಟನ್ನು ಅಲ್ಲಿಗೆ ಸರಿಸಿ. ಡಾರ್ಟಿನ ಬಟ್ಟೆಯನ್ನು ಬಣ್ಣದ ತುಂಡಿನ ಅಂಚಿನಿಂದ ತೆಗೆಯಿರಿ, ಪಟ್ಟಿಯಿಂದ ಬೇಡ. ಪಟ್ಟಿಯ ಅಗಲ ಎಲ್ಲಿಯೂ ಬದಲಾಗಬಾರದು. ಸಿದ್ಧವಾದಾಗ 2.5 ಸೆಂ.ಮೀ. ಬೇಕಿದ್ದರೆ, ಎರಡೂ ಕಡೆ ಹೊಲಿಗೆಗೆ ಬಿಡುವ 1 ಸೆಂ.ಮೀ. ಮಾರ್ಜಿನ್ ಸೇರಿಸಿ 4.5ಕ್ಕೆ ಕತ್ತರಿಸಿ. ಗಿಡ್ಡ ಪಟ್ಟಿಗಳನ್ನು ಮೊದಲು, ಉದ್ದ ಪಟ್ಟಿಗಳನ್ನು ಕೊನೆಗೆ ಜೋಡಿಸಿ. ಮಾರ್ಜಿನ್‌ಗಳೆಲ್ಲ ಕಪ್ಪಿನ ಹಿಂದಕ್ಕೆ ಮಡಚಲಿ, ಇಲ್ಲವಾದರೆ ಬಿಳಿಯಲ್ಲಿ ಕಪ್ಪು ನೆರಳು ಕಾಣುತ್ತದೆ. ತೆಳು ಜರ್ಸಿ ಎಳೆದುಕೊಂಡು ಗೆರೆ ಸೊಟ್ಟಗಾಗುವುದರಿಂದ ದಪ್ಪ ಡಬಲ್ ನಿಟ್ (ಎರಡು ಪದರವಾಗಿ ಹೆಣೆದ ಬಟ್ಟೆ) ತೆಗೆದುಕೊಳ್ಳಿ.

ಕತ್ತರಿಸುವ ಮೊದಲು ಕೆಂಪು, ಕಪ್ಪು ಬಟ್ಟೆಗಳ ಮೇಲೆ ಒದ್ದೆ ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಬಣ್ಣ ಅಂಟಿದರೆ, ಅಂಟದಷ್ಟಾಗುವವರೆಗೆ ಒಗೆಯಿರಿ.

ಬಣ್ಣದಮನೆ:
ರವಿವರ್ಮರಿಗೆ ಡಿಜಿಟಲ್ ಪ್ರಿಂಟೇ ಸರಿ. ಸೆರಗಿನ ಅಗಲ 45 ಇಂಚು, ಇಂಚಿಗೆ 150 ಪಿಕ್ಸೆಲ್ ಅಂದರೆ ಫೈಲ್ ಅಗಲ 6750 ಪಿಕ್ಸೆಲ್ ಬೇಕು. ಅವರ ಚಿತ್ರಗಳ ಹಳೆಯ ಮುದ್ರಿತ ಪ್ರತಿಯ ಸ್ಕ್ಯಾನ್ ಬೇಡ, ಹಿಗ್ಗಿಸಿದಾಗ ಕಲ್ಲಚ್ಚಿನ (ಕಲ್ಲಿನ ಫಲಕದಿಂದ ಮಾಡುವ ಮುದ್ರಣ) ಚುಕ್ಕಿಗಳು ಎದ್ದು ಬರುತ್ತವೆ. ತೈಲಚಿತ್ರದ್ದೇ ಫೋಟೋ ಹುಡುಕಿ.

ರೇಷ್ಮೆಗೆ ಆಸಿಡ್ ಎಂಬ ಬಗೆಯ ಬಣ್ಣ, ಹತ್ತಿಗೆ ರಿಯಾಕ್ಟಿವ್ ಎಂಬ ಬಗೆ. ಪ್ರಿಂಟ್ ಆದ ಮೇಲೆ ಬಟ್ಟೆಗೆ ಕೊಡುವ ಹಬೆ ಸಾಲದಿದ್ದರೆ ಬಣ್ಣ ಹಿಡಿಯುವುದಿಲ್ಲ, ಮೊದಲ ಒಗೆತದಲ್ಲೇ ಬಿಡುತ್ತದೆ. ಹಬೆಗೆ ಮೊದಲು ಬಣ್ಣ ಮಂಕಾಗಿರುವುದು ಸಹಜ, ಹಾಗಾಗಿ ಅದೇ ರೇಷ್ಮೆಯ ತುಂಡಿನಲ್ಲಿ ಹಬೆಯಾಗಿ ಒಗೆದ ಮೇಲೆ ಚಿತ್ರದಲ್ಲಿರುವವರ ಮೈಬಣ್ಣ ನೋಡಿಯೇ ಒಪ್ಪಿಗೆ ಕೊಡಿ.

ಚಿತ್ರದ ತಲೆ ಸೀರೆಯ ಒಡಲಿನ ಕಡೆಗೆ, ಬುಡ ಕುಚ್ಚಿನ ಕಡೆಗೆ ಇರಬೇಕು. ಆಗಲೇ ಬೆನ್ನ ಮೇಲೆ ನೆಟ್ಟಗೆ ಕಾಣುವುದು. ನೆರಿಗೆ ಮಾಡಿ ಪಿನ್ ಹಾಕುವವರಿಗೆ ಈ ಸೆರಗು ಬೇಡವೇ ಬೇಡ, ಮುಖ ಮಡಿಕೆಯೊಳಗೆ ಹೋಗಿಬಿಡುತ್ತದೆ.

ಕಟಿಂಗ್‌ಮೇಜು:
ಮಾರಾಟಕ್ಕಾದರೆ ಚಿತ್ರದ ಹಕ್ಕುಸ್ವಾಮ್ಯವನ್ನೂ (ಕಾಪಿರೈಟ್) ನೋಡಿ. ನಮ್ಮಲ್ಲಿ ಅದು ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ರವಿವರ್ಮ (ನಿಧನ 1906), ಮೊಂಡ್ರಿಯಾನ್ (ನಿಧನ 1944) ಇಬ್ಬರದೂ ಮುಗಿದಿದೆ. ಎಂ.ಎಫ್. ಹುಸೇನ್ 2011ರಲ್ಲಿ ತೀರಿಕೊಂಡವರು, ಅವರ ಕುದುರೆ ಚಿತ್ರಗಳಿಗೆ 2071ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು.