ಅಪ್‌ಡೇಟ್: 756 ಬರಬೇಕಾದ ಕಡೆ 720 ಬರ್ತಿದ್ದ ಕಥೆ

ಹೋದ ವಾರ ಕೇಳಿದ್ದೆ: ಫುಲ್ಲರೀನ್‌ಗೆ (60 ಕಾರ್ಬನ್‌ಗಳ ಚೆಂಡಿನಂಥ ಅಣು, ಸಿ60) ಬರ್ಚ್ ರಿಡಕ್ಷನ್ (ಹೈಡ್ರೋಜನ್ ಸೇರಿಸೋ ರಿಯಾಕ್ಷನ್) ಮಾಡಿ 36 ಹೈಡ್ರೋಜನ್ ಇರೋ ಸಿ60ಎಚ್36 ತಯಾರಿಸಿದ್ದೀನಿ, ಅಣುಗಳ ತೂಕ ತೋರಿಸೋ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಅದರ ತೂಕ 756ರ ಬದಲು ಬರೀ ಸಿ60ರ 720 ಎದ್ದು ನಿಲ್ತಿದೆ, ರಿಯಾಕ್ಷನ್ನೇ ಕೈಕೊಟ್ಟಿತಾ ಅಂತ. ಕೊಟ್ಟಿಲ್ಲ!

"ಮೊದಲು ಬಾಟಲಿ ನೋಡಪ್ಪ" ಅಂದ ಸರ್‌ಗೆ ದೊಡ್ಡ ನಮಸ್ಕಾರ. ಹಾಸನದ ಮೋಡದ ಬೆಳಕಲ್ಲೇ ಟಾಲುಯಿನ್ ದ್ರಾವಣವನ್ನ ಕಿಟಕಿಗೆ ಎತ್ತಿ ಹಿಡಿದೆ. ತೆಳು ಹಳದಿ. ಬರೀ ಸಿ60 ಆಗಿದ್ರೆ ನೇರಳೆ ಇರಬೇಕಿತ್ತು. ಅಂದ್ರೆ 720 ಹುಟ್ತಿದ್ದದ್ದು ಮಷೀನಿನೊಳಗೆ.

ಅಣುಗಳನ್ನ ಅಯಾನ್ (ಚಾರ್ಜ್ ಇರೋ ಕಣ) ಮಾಡೋಕೆ ಮಷೀನಿನಲ್ಲಿ ಬಡಿಯೋ ಎಲೆಕ್ಟ್ರಾನ್‌ಗಳ ಶಕ್ತಿಯನ್ನ 70ರಿಂದ 20 ಇವಿಗೆ (ಎಲೆಕ್ಟ್ರಾನ್ ವೋಲ್ಟ್) ಇಳಿಸೋ ಸಲಹೆ ಕೆಲಸ ಮಾಡ್ಲಿಲ್ಲ. ಪುಡಿ ಆವಿಯಾಗೋಕೆ ಸ್ಯಾಂಪಲ್ ಇಡೋ ಪ್ರೋಬ್ ಕಾಯಿಸಲೇಬೇಕಲ್ಲ, ಅಯಾನ್ ಆಗೋ ಮೊದಲೇ ಆ ಬಿಸಿಗೆ ಹೈಡ್ರೋಜನ್ ಉದುರಿಹೋಗ್ತಿತ್ತು.

ಗೆದ್ದಿದ್ದು ಇಲ್ಲೊಬ್ಬರು ಅಕ್ಕ ಹೇಳಿದ ದಾರಿ: ಮಾಲ್ಡಿ (ಲೇಸರ್ ಹೊಡೆದು ಅಯಾನ್ ಮಾಡೋ ವಿಧಾನ), ಡಿಸಿಟಿಬಿ ಮ್ಯಾಟ್ರಿಕ್ಸ್ (ಸ್ಯಾಂಪಲ್ ಜೊತೆ ಬೆರೆಸಿ ಲೇಸರ್ ಹೀರಿಸೋ ವಸ್ತು), ಲೇಸರ್ ಆದಷ್ಟೂ ಕಡಿಮೆ. ಸ್ಯಾಂಪಲ್‌ಗೆ ಫಾಯಿಲ್ ಸುತ್ತಿ ಬಸ್ಸಲ್ಲಿ ಬೆಂಗಳೂರಿಗೆ ಒಯ್ದೆ. 756 ಬಂತು! ಲೇಸರ್ ಸ್ವಲ್ಪ ಏರಿಸಿದ್ರೆ 720 ಮತ್ತೆ ಇಣುಕುತ್ತೆ. ಬೇಕಂತಲೇ ಎರಡು ಸಲ ಮಾಡಿಸಿ ನೋಡಿದೆ, ಆಪರೇಟರ್ ಬೈದುಕೊಂಡ್ರು.

ನಾನು ಎಣಿಸದೇ ಇದ್ದದ್ದು 772. ಅದು 756ಕ್ಕೆ 16 ಸೇರಿದ್ದು, ಆಕ್ಸಿಜನ್. ಗಾಳಿ ಬೆಳಕಲ್ಲಿ ಬಿಟ್ಟಿದ್ದ ಹಳೇ ಬಾಟಲಿಯಲ್ಲಿ ಜೋರಾಗಿತ್ತು, ಫಾಯಿಲ್ ಸುತ್ತಿದ ಹೊಸದರಲ್ಲಿ ಕಂಡೂ ಕಾಣದಷ್ಟು.

ಇನ್ನೊಂದು: 721ರ ಪೀಕ್ ನೋಡಿ ಒಂದು ಹೈಡ್ರೋಜನ್ ಉಳಿದಿದೆ ಅಂದ್ಕೊಂಡಿದ್ದೆ. ಅದು ಕಾರ್ಬನ್-13, ಅಂದ್ರೆ ಮಾಮೂಲಿಗಿಂತ ತೂಕ ಒಂದು ಹೆಚ್ಚಿರೋ ಕಾರ್ಬನ್. 60 ಕಾರ್ಬನ್ ಇರೋದ್ರಿಂದ 720ರ ಸುಮಾರು 65% ಎತ್ತರ ಬರೋದು ಸಹಜವಂತೆ. ಇಷ್ಟಕ್ಕೆ ಎರಡು ರಾತ್ರಿ ನಿದ್ದೆ ಕೆಡಿಸ್ಕೊಂಡಿದ್ದೆ.